ತಿರುಗುವ ಸ್ಟೂಲಿನ ಸದ್ದು

ಚಳಿ ಹಿಂದೆ ಸರಿದು, ಬಿಸಿಲಿಗೆ ಇನ್ನೂ ಹಲ್ಲು ಮೂಡದಿದ್ದ ದಿನಗಳು. ಬೆಳಿಗ್ಗೆ ಹತ್ತೂವರೆ ಗಂಟೆ. ಲಾಂಡ್ರಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ರಫೂ ಕೆಲಸದವಳು ಒಂದು ಬೂದುಬಣ್ಣದ ಕೋಟಿನ ತೋಳಿನ ಮೇಲೆ ಬಗ್ಗಿದ್ದಳು. ಇಲಿ ಕಡಿದ ತೂತು. ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತು ಇದ್ದದ್ದೇ ಸುಳ್ಳು ಎನ್ನುವ ಹಾಗೆ ನೇಯುವುದು ಅವಳ ಕೆಲಸ. ಎಳೆ ಮುಗಿಯಿತು. ಹೊಸದನ್ನು ಪೋಣಿಸಲು ತಲೆ ಎತ್ತಿದಳು, ಅಷ್ಟೇ. ಕತ್ತಿನ ಹಿಂದೆ ಏನೋ ಚಳಕ್ ಎಂದಿತು. ಹೆಗಲಿನಿಂದ ಬಲಗೈ ಹೆಬ್ಬೆರಳಿನ ತುದಿಯವರೆಗೆ ಬೆಂಕಿಯ ಗೆರೆ ಎಳೆದಂತಾಯಿತು.

"ಅಮ್ಮಾ" ಎಂದಳು. ಎಷ್ಟು ಸಣ್ಣ ದನಿ ಎಂದರೆ, ಮುಂದಿನ ಕೌಂಟರಿನಲ್ಲಿದ್ದ ಲಾಂಡ್ರಿಯಮ್ಮನಿಗೆ ಕೇಳಲಿಲ್ಲ. ಕೇಳಿದ್ದು ಹಿಂದಿನ ಮೇಜಿನ ಇಸ್ತ್ರಿಯವನಿಗೆ. ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಓಡಿಬಂದ. ಅವಳನ್ನು ಹಿಡಿಯಬೇಕೋ ಬಿಡಬೇಕೋ ತಿಳಿಯದೆ ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ನಿಂತ. ಅಷ್ಟರಲ್ಲಿ ಹೊಗೆಯ ವಾಸನೆ ಬಂತು. ಹತ್ತು ವರ್ಷದ ಕೆಲಸದಲ್ಲಿ ಅವನು ಸುಟ್ಟ ಮೊದಲನೆಯ ಅಂಗಿ ಅದು.

"ಸುಟ್ಟಿದ್ದು ಅಂಗಿ ಒಂದೇನಾ?" ಎಂದಳು ಲಾಂಡ್ರಿಯಮ್ಮ, ಇಬ್ಬರನ್ನೂ ನೋಡಿ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರು. "ಕತ್ತಿನ ಐದನೇ, ಆರನೇ ಮೂಳೆ ಮಧ್ಯೆ ಡಿಸ್ಕ್ ಆಚೆ ಬಂದು ನರ ಒತ್ತುತ್ತಾ ಇದೆ. ಕೆಳಗೆ ಸೊಂಟದಲ್ಲೂ ಒಂದು ಜಾರಿದೆ. ಎಷ್ಟು ವರ್ಷದಿಂದ ಬಗ್ಗಿ ಕೆಲಸ ಮಾಡ್ತಿದ್ದೀರಿ?"

"ಹದಿನೆಂಟು."

ಅವರು ಕತ್ತಿಗೊಂದು ದಪ್ಪ ಬಿಳಿ ಕಾಲರ್ ಬಿಗಿದರು. "ಕತ್ತು ತಿರುಗಿಸ್ಬೇಡಿ. ತಿರುಗಲೇಬೇಕು ಅಂದ್ರೆ ಮೈಯೆಲ್ಲಾ ತಿರುಗಿಸಿ."

ಅವಳ ಸಂಕಟ ಶುರುವಾದದ್ದು ಆ ಮಾತಿನಿಂದ. ನೋವು ಒಂದು ಕಡೆ ಇರಲಿ. ನಾಲ್ಕು ವರ್ಷದಿಂದ ಅವಳದೊಂದು ಗುಟ್ಟಿತ್ತು. ಎಳೆ ಪೋಣಿಸುವಾಗ ಕತ್ತನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿಸಿದರೆ ಸಾಕು, ಇಸ್ತ್ರಿಯವನು ಕಾಣುತ್ತಿದ್ದ. ಹಬೆಯ ನಡುವೆ ಅರ್ಧ ಮುಖ, ಹುಬ್ಬಿನ ಮೇಲೆ ಬೆವರ ಹನಿ, ಅಂಗಿಯ ಕಾಲರನ್ನು ಮಗುವಿನ ಕೆನ್ನೆ ಸವರಿದ ಹಾಗೆ ಸವರುವ ಬೆರಳು. ಸೂಜಿಯ ಕಣ್ಣಿಗೆ ದಾರ ಹೋಗುವಷ್ಟು ಹೊತ್ತು ನೋಡಿ ಮತ್ತೆ ಬಗ್ಗುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ.

ಈಗ ಕತ್ತು ತಿರುಗದು. ನೋಡಬೇಕೆಂದರೆ ಕೂತ ಸ್ಟೂಲನ್ನೇ ತಿರುಗಿಸಬೇಕು. ಆ ತಿರುಗುವ ಸ್ಟೂಲೋ, ಹಳೆಯದು. ಒಂದು ಸಲ ತಿರುಗಿದರೆ ಲಾಂಡ್ರಿಯೆಲ್ಲ ಕೇಳುವಂತೆ "ಕಿರ್ರ್" ಎನ್ನುತ್ತಿತ್ತು.

"ಓಹೋ, ಸ್ಟೂಲ್ ಮಾತಾಡ್ತು" ಎನ್ನುತ್ತಿದ್ದಳು ಲಾಂಡ್ರಿಯಮ್ಮ ಕೌಂಟರಿನಿಂದಲೇ. "ಏನಂತೆ ಕೇಳಯ್ಯಾ!"

ಇಸ್ತ್ರಿಯವನ ಕಿವಿ ಕೆಂಪಾಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವಳು ಮತ್ತೆ ಕಿರ್ರ್ ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು. ಅದಕ್ಕೂ ನಗು.

ಒಂದು ದಿನ ಧೈರ್ಯ ಮಾಡಿ ಕೇಳಿದಳು: "ಎಲ್ಲರ ಕಾಲರಿಗೂ ಇಸ್ತ್ರಿ ಹಾಕ್ತೀರಿ. ನನ್ನ ಕಾಲರಿಗೆ?"

ಅವನು ಗಂಭೀರವಾಗಿ ನೋಡಿದ. "ಇದಕ್ಕೆ ಗಂಜಿ ಜಾಸ್ತಿಯಾಗಿದೆ. ನಾನು ಹಾಕಿದ್ದಲ್ಲ."

ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದಳು. ತೆರೆದಾಗ ಮೇಜಿನ ಮೇಲೆ ನಾಲ್ಕು ಮಡಿಕೆಯ ಟವೆಲ್ ಇತ್ತು, ಇಸ್ತ್ರಿಯಲ್ಲಿ ಬಿಸಿ ಮಾಡಿದ್ದು. "ಹೆಗಲ ಮೇಲೆ ಇಟ್ಕೊಳ್ಳಿ. ಸುಡಲ್ಲ. ನನ್ನ ಕೆನ್ನೆಗೆ ಇಟ್ಟು ನೋಡಿದ್ದೀನಿ" ಎಂದು ಹೋಗಿಬಿಟ್ಟ. ಆ ಟವೆಲ್ಲಿನ ಶಾಖ ಹತ್ತು ನಿಮಿಷ ಇತ್ತು. ಅವನ ಮಾತಿನದು ಸಂಜೆಯವರೆಗೆ.

ಅಂದಿನಿಂದ ದಿನಕ್ಕೆ ಎರಡು ಟವೆಲ್. ಆದರೆ ನೋವು ಪ್ರೀತಿಯ ಮಾತು ಕೇಳುವಂಥದ್ದಲ್ಲ. ಸೀನು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಬಗ್ಗಿ ಮುಖ ತೊಳೆಯಲಾಗದು, ಕೈ ಹಿಂದೆ ಕೊಟ್ಟು ಜಡೆ ಹಾಕಲಾಗದು. ಅರ್ಧ ಗಂಟೆ ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ಜೋಮು. ಒಂದೇ ಒಂದು ಭಂಗಿಯಲ್ಲಿ ಕೈಯ ಉರಿ ತಗ್ಗುತ್ತಿತ್ತು: ಬಲಗೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ.

"ತಲೆ ಮೇಲೆ ಕೈ ಹೊತ್ತು ಕೂರಬೇಡ ಕಣಮ್ಮಾ" ಎಂದಳು ಅತ್ತಿಗೆ, ಅವಳ ಜಡೆ ಹೆಣೆಯುತ್ತ. "ನೋಡಿದವರು ಮನೇಲಿ ಏನೋ ಆಗಿದೆ ಅಂದ್ಕೋತಾರೆ."

"ಆಗಿದೆಯಲ್ಲ ಅತ್ತಿಗೆ."

ಅತ್ತಿಗೆ ಹೆಣೆಯುತ್ತಲೇ ಇದ್ದಳು. ಜಡೆಯ ಮೇಲೆ ಒಂದು ಹನಿ ಬಿತ್ತು. ಅಣ್ಣನ ಮನೆಯಲ್ಲಿ ಇಷ್ಟು ವರ್ಷ ಅವಳು ಯಾರಿಗೂ ಭಾರವಾಗಿರಲಿಲ್ಲ. ಈಗ ತನ್ನ ತಲೆಯೇ ತನಗೆ ಭಾರ.

ಮೂರನೆಯ ವಾರ ಒಂದು ಬಿಳಿ ಶಾಲು ರಫೂಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಬೆಳಕಿಗೆ ಹಿಡಿದರೆ ಶಾಲಿನ ಮೇಲೆ ಕೆಂಪು ಚುಕ್ಕೆಗಳು. ಬಲಗೈ ಹೆಬ್ಬೆರಳನ್ನು ನೋಡಿಕೊಂಡಳು. ಮೂರು ಕಡೆ ಸೂಜಿ ಚುಚ್ಚಿತ್ತು. ಒಂದೂ ಅವಳಿಗೆ ತಿಳಿದಿರಲಿಲ್ಲ.

ಸೂಜಿಯನ್ನು ಬೇಕೆಂದೇ ಇನ್ನೊಮ್ಮೆ ಚುಚ್ಚಿದಳು. ಏನೂ ಇಲ್ಲ. ಆ ಬೆರಳು ಯಾರದೋ ಬೆರಳಿನಂತಿತ್ತು. ನೋವಿಗೆ ಹೆದರಿದ್ದವಳು ಈಗ ನೋವಿಲ್ಲದ್ದಕ್ಕೆ ಹೆದರಿದಳು. ಕೈಯೇ ಹೋದರೆ ರಫೂ ಕೆಲಸದವಳು ಯಾರು?

ಹಿಂದಕ್ಕೆ ತಿರುಗಿದಳು, ಕಿರ್ರ್. ಇಸ್ತ್ರಿಯವನು ನೋಡುತ್ತಲೇ ಇದ್ದ, ಶಾಲನ್ನೂ ಬೆರಳನ್ನೂ. ಕೌಂಟರಿನಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ಸದ್ದಿಗೆ ಇತ್ತ ನೋಡಿ ಕಿಸಕ್ಕೆಂದು ನಕ್ಕರು. ಅವಳು ಮುಖ ಮುಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ಬಂದು ಕೂತು, ಎಂದಿನಂತೆ ಮೆಲ್ಲಗೆ ತಿರುಗಿದಳು. ಸದ್ದಿಲ್ಲ. ಸ್ಟೂಲು ನೀರಿನಲ್ಲಿ ಮೀನು ಹೊರಳಿದ ಹಾಗೆ ಹೊರಳಿತು. ಕೆಳಗಿನಿಂದ ಮೆಷಿನ್ ಎಣ್ಣೆಯ ವಾಸನೆ.

"ಯಾರಮ್ಮಾ ಎಣ್ಣೆ ಹಾಕಿದ್ದು?"

"ಇನ್ಯಾರು, ಅವನೇ" ಎಂದಳು ಲಾಂಡ್ರಿಯಮ್ಮ. "ನಾನು ಬರೋಕೆ ಮುಂಚೆನೇ ಬಂದು ಸ್ಟೂಲ್ ತಲೆಕೆಳಗೆ ಮಾಡ್ಕೊಂಡು ಕೂತಿದ್ದ."

ಅವಳೊಳಗೆ ಏನೋ ತಣ್ಣಗಾಯಿತು. ನಾಚಿಕೆಯಾಗಿರಬೇಕು ಅವನಿಗೆ. ಕೈ ಸತ್ತ ಹೆಂಗಸೊಬ್ಬಳು ನಾಲ್ಕು ಜನರ ಮುಂದೆ ಕಿರ್ರ್ ಎಂದು ತಿರುಗಿ ನೋಡಿದರೆ ಯಾವ ಗಂಡಸಿಗೆ ತಾನೇ ಹಿತ? ಬೇಡ ಎಂದು ಬಾಯಿಬಿಟ್ಟು ಹೇಳಲಾರದೆ ಸ್ಟೂಲಿನ ಬಾಯಿ ಮುಚ್ಚಿಸಿದ್ದಾನೆ.

ಆ ದಿನ ಟವೆಲ್ ಬಂದಾಗ, "ಬೇಡ, ಅಭ್ಯಾಸ ಆಗಿಬಿಡುತ್ತೆ" ಎಂದಳು. ಅವನು ಟವೆಲ್ ಹಿಡಿದೇ ನಿಂತ. ಅದು ಅವನ ಕೈಯಲ್ಲೇ ಆರಿತು.

ಅವಳು ಮತ್ತೆ ತಿರುಗಲಿಲ್ಲ. ಒಂಬತ್ತು ದಿನ ಕಿಟಕಿಯನ್ನೇ ನೋಡುತ್ತ ಕೂತಳು. ಎಡಗೈಯಲ್ಲಿ ಗುಂಡಿ ಹಚ್ಚುವುದನ್ನು ಕಲಿಯಲು ನೋಡಿದಳು, ಆಗದೆ ಬಿಟ್ಟಳು. ಆಪರೇಷನ್ ಆಗಬೇಕು, ಸ್ಪರ್ಶ ಬಂದರೂ ಬಂತು, ಬರದಿದ್ದರೂ ಇಲ್ಲ ಎಂದರು ಡಾಕ್ಟರು. ದೊಡ್ಡಾಸ್ಪತ್ರೆ ಇರುವುದು ಅಕ್ಕನ ಊರಿನಲ್ಲಿ. ಅಲ್ಲೇ ಇದ್ದುಬಿಡಲಿ ಎಂದು ಅಕ್ಕ, ಅಣ್ಣ ಮಾತಾಡಿಕೊಂಡರು. ಅವಳು ಹೂಂ ಎಂದಳು. ತಲೆ ಆಡಿಸಲು ಆಗುತ್ತಿರಲಿಲ್ಲವಲ್ಲ.

ಮಂಗಳವಾರ ಮಧ್ಯಾಹ್ನ ಸೂಜಿಡಬ್ಬಿ ತೆಗೆದುಕೊಳ್ಳಲು ಲಾಂಡ್ರಿಗೆ ಬಂದಳು. ಲಾಂಡ್ರಿಯಮ್ಮ ಅವಳ ಗಲ್ಲ ಹಿಡಿಯಲು ಹೋಗಿ, ಕಾಲರಿಗೆ ಕೈ ತಾಗಿ, ಅಳುತ್ತ ಹೊರಗೆ ಹೋದಳು. ಹಬೆಯ ಸದ್ದು ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು.

"ನಾಳೆ ಹೋಗ್ತೀರಂತೆ" ಎಂದಿತು ಹಿಂದಿನಿಂದ ದನಿ.

"ಹೂಂ."

"ನಾನು ಏನು ತಪ್ಪು ಮಾಡ್ದೆ?"

ಅವಳು ಸೂಜಿಡಬ್ಬಿಯ ಮುಚ್ಚಳ ಒತ್ತಿದಳು. "ನೀವು ಯಾಕೆ ತಪ್ಪು ಮಾಡ್ತೀರಿ? ನನ್ನದೇ ಜಾಸ್ತಿಯಾಯ್ತು. ನೋಡ್ಬೇಡ ಅಂತ ಹೇಳಿದ್ರೆ ಸಾಕಿತ್ತು. ಎಣ್ಣೆ ಯಾಕೆ ಹಾಕಬೇಕಿತ್ತು?"

ಅವನು ಬಟ್ಟೆಯ ಗಂಟುಗಳನ್ನು ದಾಟಿ ಬಂದು, ಕಿಟಕಿಗೆ ಬೆನ್ನು ಕೊಟ್ಟು, ಅವಳ ನೇರಕ್ಕೆ ನಿಂತ. "ನೋಡ್ಬೇಡಿ ಅಂತಾನಾ? ಅಯ್ಯೋ ದೇವರೇ... ಅವತ್ತು ಅವರಿಬ್ಬರು ನಕ್ಕಾಗ ನೀವು ಮುಖ ಮುಚ್ಕೊಂಡ್ರಿ. ಇನ್ನು ಈ ಕಡೆ ತಿರುಗೋದೇ ಬಿಟ್ಬಿಡ್ತೀರೇನೋ ಅಂತ ನನ್ನ ಎದೆ ಒಡೆದುಹೋಯ್ತು. ಸದ್ದಿಲ್ಲದೆ ತಿರುಗಲಿ, ಯಾರಿಗೂ ಗೊತ್ತಾಗದ ಹಾಗೆ ನೋಡಲಿ ಅಂತ ಹಾಕ್ದೆ. ನೀವು ನೋಡಿದ ದಿನವೇ ನನಗೆ ದಿನ. ನಾಲ್ಕು ವರ್ಷದಿಂದ."

"ನಾಲ್ಕು ವರ್ಷದಿಂದ ಗೊತ್ತಿತ್ತಾ?"

"ಒಂದು ದಾರ ಪೋಣಿಸೋಕೆ ಅಷ್ಟು ಹೊತ್ತು ಬೇಕಾ?"

ಅವಳಿಗೆ ಅಳುವುದಕ್ಕೂ ಆಗಲಿಲ್ಲ; ಬಿಕ್ಕಿದರೆ ಕತ್ತು ಸೀಳುತ್ತಿತ್ತು. ಕಣ್ಣೀರು ಮಾತ್ರ ಸದ್ದಿಲ್ಲದೆ ಇಳಿದು ಕಾಲರಿನೊಳಗೆ ಹೋಯಿತು. ಬಲಗೈಯನ್ನು ಅವನ ಮುಂದೆ ಚಾಚಿದಳು. "ಇದು ನೋಡಿ. ಸತ್ತಿದೆ. ಬರದೇ ಇದ್ರೆ? ಯಾರ ಕೊರಳಿಗೆ ಕಟ್ಟೋದು ಇಂಥವಳನ್ನ?"

ಅವನು ತನ್ನ ಅಂಗೈ ತೋರಿಸಿದ. ಬಿಸಿ ಹಿಡಿದು ಹಿಡಿದು ಹಲಗೆಯಂತಾದ ಚರ್ಮ. "ಇದಕ್ಕೂ ಅಷ್ಟಕ್ಕಷ್ಟೇ. ಸರಿಸಮ. ಯಾರು ಯಾರ ಕೈ ಹಿಡಿದ್ರು ಅಂತ ಇಬ್ಬರಿಗೂ ತಿಳಿಯಲ್ಲ." ಹಾಗೆಂದು ಹಿಡಿದ. ಅವಳಿಗೆ ನಿಜವಾಗಿ ತಿಳಿಯಲಿಲ್ಲ. ಮಣಿಕಟ್ಟಿನ ಹತ್ತಿರ ಸ್ವಲ್ಪ ಬೆಚ್ಚಗಾಯಿತು. ಅಲ್ಲಿ ಇನ್ನೂ ಜೀವವಿತ್ತು.

"ನಾಳೆ ಬಸ್‌ಸ್ಟ್ಯಾಂಡಿಗೆ ಬರ್ತೀರಾ?"

"ಇಲ್ಲ. ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ, ಕುಲುಕಾಟ ಕಮ್ಮಿ" ಎಂದ, ಅಷ್ಟೇ.

ಬುಧವಾರ ಬೆಳಿಗ್ಗೆ ಅಣ್ಣ ಅವಳನ್ನು ಡ್ರೈವರಿನ ಪಕ್ಕದ ಸಾಲಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ತಾನೂ ಕೂತ. ಅತ್ತಿಗೆ ಕೆಳಗಿನಿಂದ ಕೈಬೀಸಿದಳು. ಬರುವುದಿಲ್ಲ ಎಂದವನನ್ನು ಅವಳ ಕಣ್ಣು ಆದರೂ ಹುಡುಕಿತು, ಕಾಣುವಷ್ಟು ದೂರ. ಹಿಂದೆಲ್ಲಾದರೂ ನಿಂತಿದ್ದರೆ? ತಿರುಗಲಾಗದು. ಬಸ್ಸು ಹೊರಟಿತು. ಒಂದೊಂದು ಗುಂಡಿಗೂ ಬೆನ್ನಿನಲ್ಲಿ ಕತ್ತಿ ಆಡಿತು. ಆಸೆ ಎನ್ನುವುದು ಹಿಂದೆ ಉಳಿಯಿತು ಎಂದು ಕಣ್ಣು ಮುಚ್ಚಿಕೊಳ್ಳುವಾಗ, ಊರಾಚೆಯ ತಿರುವಿನಲ್ಲಿ, ರಸ್ತೆಯ ಅಂಚಿಗೆ, ಬಸ್ಸಿಗೆ ಎದುರಾಗಿ ಅವನು ನಿಂತಿದ್ದ. ಮುಂದಿನ ಗಾಜಿನ ನಟ್ಟನಡುವೆ. ಕತ್ತನ್ನು ಕೂದಲೆಳೆಯಷ್ಟೂ ತಿರುಗಿಸದೆ ಅವಳು ಅವನನ್ನು ಕಣ್ತುಂಬ ನೋಡಿದಳು, ಬಸ್ಸು ಅವನ ಪಕ್ಕಕ್ಕೆ ಬರುವವರೆಗೆ.

"ಯಾರದು?" ಎಂದ ಅಣ್ಣ.

"ನಮ್ಮ ಲಾಂಡ್ರಿಯವರು" ಎಂದಳು. ಸ್ವಲ್ಪ ದೂರ ಹೋದಮೇಲೆ, "ನನ್ನವರು" ಎಂದಳು. ಅಣ್ಣ ದಿಂಬನ್ನು ಸರಿಮಾಡಿದ.

ಆಪರೇಷನ್ ಶನಿವಾರಕ್ಕೆ ಎಂದು ಗೊತ್ತಾಯಿತು. ಗುರುವಾರ ಸಂಜೆ ಇಸ್ತ್ರಿಯವನು ಕೈಯಲ್ಲಿದ್ದ ಬಟ್ಟೆಗಳನ್ನೆಲ್ಲ ಮುಗಿಸಿ, ಇಸ್ತ್ರಿಯ ವೈರು ಸುತ್ತಿಟ್ಟು, ಕೌಂಟರಿನ ಮುಂದೆ ನಿಂತ.

"ಅಮ್ಮಾ, ಆ ಸ್ಟೂಲನ್ನ ತಗೊಂಡು ಹೋಗ್ಲಾ?"

"ತಗೊಂಡು ಹೋಗು" ಎಂದಳು ಲಾಂಡ್ರಿಯಮ್ಮ, ಸೆರಗಿನಿಂದ ಮೂಗೊರೆಸಿಕೊಂಡು. "ಮಾತು ನಿಲ್ಲಿಸಿದ ಸ್ಟೂಲು ನನಗ್ಯಾಕೆ? ಅವಳ ಕೈ ಬಂದ್ರೆ ಕಾಗದ ಅವಳೇ ಬರೀಲಿ. ಬರದಿದ್ರೆ ನೀನು ಬರಿ. ಒಟ್ಟು ಕಾಗದ ಬರ್ಬೇಕು."

ಬುಧವಾರ ಹೋದವಳು ಅವಳು. ಶುಕ್ರವಾರ, ಬೆಳಗಿನ ಮೊದಲ ಬಸ್ಸಿಗೆ, ಸ್ಟೂಲನ್ನು ಹೆಗಲ ಮೇಲೆ ಹೊತ್ತು ಅವನೂ ಹೋದ.