ಆಮೆಯ ಬೆನ್ನಿಗೆ ಹುಣಸೆ ಉಜ್ಜಿದ ರಾಣಿ

ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹಾಸೂರು ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆ ನಿಂತಿದ್ದು ಒಂದು ಮುದಿ ಕಲ್ಲಾಮೆಯ ಬೆನ್ನ ಮೇಲೆ. ನಡುಮನೆಯ ಬೂದುಬಣ್ಣದ ಹಾಸುಗಲ್ಲೆಂದರೆ ಆ ಆಮೆಯ ಚಿಪ್ಪೇ.

ರಾಣಿ ನೀಲವ್ವ ತಾಯಿಯಿಲ್ಲದೆ ಬೆಳೆದವಳು. ಗಂಡ ಒಳ್ಳೆಯವನೇ, ಆದರೆ ಮನೆಯಲ್ಲಿದ್ದಿದ್ದಕ್ಕಿಂತ ಕುದುರೆಯ ಮೇಲಿದ್ದಿದ್ದೇ ಹೆಚ್ಚು. ದಿನಾ ಬೆಳಿಗ್ಗೆ ಅವಳು ನೆಲಕ್ಕೆ ಕಾಲಿಟ್ಟ ಕೂಡಲೇ ಆಮೆ ಕೇಳುತ್ತಿತ್ತು, "ನಿದ್ದಿ ಹತ್ತಿತ್ತೇನವ್ವಾ, ಮಗಳ?" ಹಾಗೆ ಕೇಳುವವರು ಅವಳಿಗೆ ಬೇರೆ ಯಾರಿದ್ದರು?

ಒಮ್ಮೆ ರಾಜ ಯುದ್ಧ ಗೆದ್ದು ಬರುವ ಸುದ್ದಿ ಬಂತು. ನೀಲವ್ವ ಹಿತ್ತಾಳೆ ಕೊಡಗಳನ್ನೆಲ್ಲ ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಮಾಡಿದಳು. ಅಷ್ಟರಲ್ಲಿ ಜಂಬೀರನೆಂಬ ಮಾಂತ್ರಿಕ ಬಳೆಗಾರನ ವೇಷದಲ್ಲಿ ಬಂದ.

"ಕೊಡ ಬಂಗಾರದಂಗ ಹೊಳೀತಾವ, ತಾಯಿ. ನೆಲ ಯಾಕ ಮಂಕ ಇರಬೇಕು? ಅದಕ್ಕೂ ಉಜ್ಜರಿ!"

ನೀಲವ್ವ ಬುದ್ಧಿವಂತೆಯೇ, ಆದರೆ ಗಂಡ ಬರುವ ಸಡಗರದಲ್ಲಿ ಬುದ್ಧಿ ಗೂಟಕ್ಕೆ ನೇತುಹಾಕಿದ್ದಳು. ಗಡಿಗೆಗಟ್ಟಲೆ ಹುಣಸೆ ಕಿವುಚಿ ನೆಲಕ್ಕೆ ಸುರಿದು ಉಜ್ಜಿದಳು. ನೆಲ ಹೊಳೆಯಲಿಲ್ಲ. ಬಿಳಿ ಕಲೆ ಎದ್ದವು, ಒಂದು ಕಲ್ಲು ಬಿರುಕು ಬಿಟ್ಟಿತು. ಮರುದಿನ ಬೆಳಿಗ್ಗೆ ಆಮೆ ಮಾತಾಡಲಿಲ್ಲ.

ಜಂಬೀರ ನಿಜರೂಪ ತೋರಿ ನಕ್ಕ. "ಮೂರು ದಿನದಾಗ ಬೆನ್ನು ವಾಸಿ ಆಗದಿದ್ರ ಆಮಿ ಎದ್ದು ಹೊಳಿಗೆ ಹೋಗತೈತಿ. ಅರಮನಿ ಮಣ್ಣಾಗತೈತಿ. ಆಮ್ಯಾಲ ರಾಜ್ಯ ನಂದು!"

ಅರಮನೆಯ ಚಿಂತೆ ನೀಲವ್ವನಿಗೆ ಹತ್ತಲೇ ಇಲ್ಲ. ಮಗಳೇ ಎಂದು ಕರೆದವಳ ಬೆನ್ನು ಸುಟ್ಟೆನಲ್ಲ ಎಂದು ಅಳುತ್ತ ಕಲ್ಲುಕೆಲಸದ ಭರಮಜ್ಜನ ಬಳಿ ಓಡಿದಳು.

"ಹಿತ್ತಾಳಿ ಗುಣ ಬ್ಯಾರೆ, ಕಲ್ಲಿನ ಗುಣ ಬ್ಯಾರೆ ನನ್ನವ್ವಾ. ಹುಳಿ ಈ ಕಲ್ಲಿನ ಚರ್ಮಾನ ತಿಂತೈತಿ," ಎಂದ ಅಜ್ಜ, ಮೂರು ಉಜ್ಜುಗಲ್ಲು ಕೊಟ್ಟ. ಒಂದು ಒರಟು, ಒಂದು ನಯ, ಒಂದು ಇನ್ನೂ ನಯ. "ದಿನಕ್ಕೊಂದು. ಬರೇ ನೀರು ಹಾಕಿ ಉಜ್ಜು. ಒಂದನ್ನೂ ಬಿಡಬ್ಯಾಡ. ಕಡೀಕ ಸುಣ್ಣದಿಂದ ಬಿರುಕು ತುಂಬಿ ಅಗಸಿ ಎಣ್ಣಿ ಸವರು."

ಮೊದಲ ದಿನ ಅವಳು ಒರಟು ಕಲ್ಲು ಹಿಡಿದಳು. ಜಂಬೀರ ಕಳಿಸಿದ ಕೆಂಡದ ಹುಂಜ ಬಂದು ನೀರನ್ನೆಲ್ಲ ಕುಡಿಯಿತು. ಅವಳು ತೊಯ್ದ ಸೆರಗು ಹಿಂಡಿಕೊಳ್ಳುತ್ತ ಉಜ್ಜಿದಳು.

ಎರಡನೆಯ ದಿನ ನಯದ ಕಲ್ಲು ಹಿಡಿದಳು. ಮೂರು ಬಾಲದ ಬೆಕ್ಕು ಕಾಲು ಸುತ್ತಿ ಗುರುಗುಟ್ಟಿ ನಿದ್ದೆ ತರಿಸಿತು. ಅವಳು ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಜ್ಜಿದಳು.

ಮೂರನೆಯ ದಿನ ಜಂಬೀರ ತಾನೇ ಅವಳ ತಾಯಿಯ ರೂಪ ತಾಳಿ ಬಂದ. "ನಾ ನಿನ್ನ ಹೆತ್ತವ್ವ. ಅಂಗೈ ನೋಡಿಕೋ ಮಗಳ, ರಕ್ತ ಬಂದೈತಿ. ಕೊನೀ ಕಲ್ಲು ಬಿಟ್ಟರ ಯಾರಿಗೆ ಗೊತ್ತಾಗತೈತಿ?"

ಕಾಣದ ತಾಯಿಯನ್ನು ಕಂಡು ನೀಲವ್ವನ ಕೈ ಒಂದು ಗಳಿಗೆ ನಿಂತಿತು. ಕಣ್ಣು ತುಂಬಿದವು.

"ನನ್ನ ಮಗಳ ಅಂದಾಕಿ ಕೆಳಗ ನೋವು ತಿನ್ನಾಕತ್ತಾಳ. ಅಕಿನ್ನ ಅರ್ಧಕ್ಕ ಬಿಡು ಅನ್ನಾಕಿ ನಮ್ಮವ್ವ ಅಲ್ಲ," ಎಂದು ಮತ್ತೆ ಉಜ್ಜಿದಳು. ಕಲೆ ಹೋದವು. ಸುಣ್ಣ, ಕಲ್ಲಿನ ಪುಡಿ ಕಲಸಿ ಬಿರುಕು ತುಂಬಿದಳು. ಅಗಸೆ ಎಣ್ಣೆ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಸವರಿದಳು.

ಜಂಬೀರ ಸಿಟ್ಟಿನಿಂದ ಗಡಿಗೆ ಹುಳಿನೀರು ಎರಚಿದ. ಎಣ್ಣೆ ಕುಡಿದ ಕಲ್ಲು ಅದನ್ನು ಒಳಗೆ ಬಿಡಲಿಲ್ಲ. ನೀರು ಮಣಿಮಣಿಯಾಗಿ ಉರುಳಿ ಅವನ ಕಾಲಿಗೇ ಬಂತು. ತನ್ನ ಹುಳಿ ತನಗೇ ತಾಗಿ ಅವನು ಕುಗ್ಗಿ ಕುಗ್ಗಿ ಒಂದು ನಿಂಬೆಹಣ್ಣಾದ. ಅಡುಗೆಯ ಗಂಗಜ್ಜಿ ಹಿಂದೆಮುಂದೆ ನೋಡದೆ ಉಪ್ಪು ಹಾಕಿ ಜಾಡಿಗೆ ತುಂಬಿದಳು.

ಮರುದಿನ ಬೆಳಿಗ್ಗೆ ನೀಲವ್ವ ಹೆದರುತ್ತ ನೆಲಕ್ಕೆ ಕಾಲಿಟ್ಟಳು. ಕಲ್ಲು ತಣ್ಣಗಿತ್ತು. ಸದ್ದಿಲ್ಲ. ಅವಳು ಇನ್ನೊಂದು ಕಾಲನ್ನೂ ಇಟ್ಟಳು.

"ನಿದ್ದಿ ಹತ್ತಿತ್ತೇನವ್ವಾ, ಮಗಳ?"

"ಮೂರು ದಿನದಿಂದ ಇಲ್ಲವ್ವಾ," ಎಂದು ನೆಲಕ್ಕೆ ಕೆನ್ನೆಯಿಟ್ಟು ಅತ್ತಳು. ಊರಿಗೆ ಬಂದ ರಾಜ ಹೆಂಡತಿಯ ಗಾಯದ ಅಂಗೈ ಕಂಡು ಕುದುರೆಯ ಜೀನು ಬಿಚ್ಚಿದವನು ಮತ್ತೆ ಕಟ್ಟಲಿಲ್ಲ.

ಇಂದಿಗೂ ಹಾಸೂರಿನಲ್ಲಿ ನೆಲಕ್ಕೆ ಹುಳಿಸಾರು ಚೆಲ್ಲಿದರೆ ಒಣಗುವ ಮೊದಲೇ ಒರೆಸುತ್ತಾರೆ. ಅವರ ನೆಲ ತಣ್ಣಗಿದೆ, ಅವರೂ ತಣ್ಣಗಿದ್ದಾರೆ. ಕೇಳಿದ ನೀವೂ ತಣ್ಣಗಿರಿ.