ನಾಲ್ಕು ನಲವತ್ತಾರರ ಬಾಗಿಲು

ಮಂಗಳವಾರ ಸಂಜೆ 6.30ಕ್ಕೆ ಠಾಣೆಗೆ ದೂರು ಬಂತು. ತಂದವರು ಆಸ್ಪತ್ರೆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಮ್ಯಾನೇಜರ್. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಹೊಸ ಪಂಪು, ಇದ್ದದ್ದೊಂದೇ, ಪರೀಕ್ಷಾ ಕೋಣೆಯಿಂದ ಮಾಯವಾಗಿತ್ತು. ಮರುದಿನ ಮಧ್ಯಾಹ್ನ ಅದನ್ನು ನೋಡಲು ವೈದ್ಯರು ಬರುವವರಿದ್ದರು. ಕಳ್ಳರ ಪತ್ತೆಯನ್ನೂ ಮ್ಯಾನೇಜರ್ ತಾವೇ ಮುಗಿಸಿಕೊಂಡು ಬಂದಿದ್ದರು. ಪೊಲೀಸರಿಗೆ ಬರೆದುಕೊಳ್ಳುವುದಷ್ಟೇ ಬಾಕಿ ಎಂಬ ಧಾಟಿ ಅವರದು.

"ಬಾಗಿಲಿಗೆ ಎಲೆಕ್ಟ್ರಾನಿಕ್ ಬೀಗ ಮೇಡಂ, ನಮ್ಮಲ್ಲೇ ಮಾಡಿದ್ದು. ತೆಗೆದಾಗ, ಮುಚ್ಚಿದಾಗ ಟೈಮ್ ಬರ್ಕೊಳ್ಳುತ್ತೆ. ಕೊನೇ ಸಲ ತೆಗೆದದ್ದು 4.46ಕ್ಕೆ. ನಾಲ್ಕೂವರೆಗೇ ಎಲ್ರೂ ಮನೆಗೆ ಹೋಗಿದ್ರು. ಒಳಗಿದ್ದೋಳು ನೆಲ ಒರೆಸೋಳು ಒಬ್ಳೇ. 5.20ಕ್ಕೆ ಚೀಲ ಹಿಡ್ಕೊಂಡು ಹೊರಟಿದ್ದಾಳೆ."

"ಬೀಗದ ನಂಬರ್ ಯಾರ್ಯಾರಿಗೆ ಗೊತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಎಲ್ರಿಗೂ."

"ಹಾಗಿದ್ರೆ ಬೀಗ ಯಾಕೆ?"

ಮ್ಯಾನೇಜರ್ ನೀರು ಕುಡಿದರು. 7.05ಕ್ಕೆ ಎಫ್‌ಐಆರ್ ದಾಖಲಾಯಿತು.

ಬುಧವಾರ ಬೆಳಗ್ಗೆ 8.30ಕ್ಕೆ ಆಕೆಯನ್ನು ಬಂಧಿಸಿ ಕರೆತಂದರು. ಐವತ್ತರ ಆಸುಪಾಸಿನ ಹೆಂಗಸು. ಚೀಲದಲ್ಲಿದ್ದದ್ದು ಒಗೆಯಲು ಒಯ್ದ ಒರೆಸುವ ಬಟ್ಟೆ ಎಂದಳು.

"ಪಂಪು ತಗೊಂಡು ನಾನೇನು ತೋಟಕ್ಕೆ ನೀರು ಹಾಯಿಸ್ಲಾ, ತಾಯಿ?"

ಮೂರು ಗಂಟೆಗೆ ಕೋರ್ಟಿಗೆ ಹಾಜರುಪಡಿಸಿ ಎಂದು ಮೇಲಿನಿಂದ ಫೋನು ಬಂದಿತ್ತು. ಕೋರ್ಟಿನಿಂದ ಆಕೆ ಹೋಗುವುದು ಜೈಲಿಗೆ. ಆಮೇಲೆ ಖುಲಾಸೆಯಾದರೂ ಆ ಕೈಗೆ ಪೊರಕೆ ಕೊಡುವವರು ಯಾರೂ ಇರುವುದಿಲ್ಲ. ಆಕೆಯ ಮಗಳು ಠಾಣೆಯ ಬೆಂಚಿನ ತುದಿಯಲ್ಲಿ, ಬೆನ್ನು ಒರಗಿಸದೆ ಕೂತಿದ್ದಳು. ಇನ್ಸ್‌ಪೆಕ್ಟರ್ ಆ ಕಡೆ ನೋಡದೆ ಜೀಪು ಹತ್ತಿದರು.

ಬೆಳಗ್ಗೆ 10.00ಕ್ಕೆ ಕಾರ್ಖಾನೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಬರೆಯುತ್ತಿದ್ದವರು ಹೆಡ್ ಕಾನ್ಸ್‌ಟೇಬಲ್. ಜನ್ಮದಲ್ಲಿ ಒಮ್ಮೆಯೂ 'ಇತ್ಯಾದಿ' ಎಂದು ಬರೆಯದ ಆ ಮನುಷ್ಯನಿಗೆ ಠಾಣೆಯಲ್ಲಿ 'ಪೂರ್ಣಪಾಠ' ಎಂದೇ ಹೆಸರು. ಯಾವ ಯಂತ್ರವನ್ನು ಜಪ್ತಿ ಮಾಡಿದರೂ ಅದರ ಗಡಿಯಾರ ಏನು ಹೇಳುತ್ತದೆ, ತಮ್ಮ ವಾಚು ಏನು ಹೇಳುತ್ತದೆ, ಎರಡನ್ನೂ ಬರೆಯುವುದು ಅವರ ಪದ್ಧತಿ. ಬೀಗವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದಾಗ ಅವರ ಪೆನ್ನು ನಿಂತಿತು.

"ಮೇಡಂ, ಇದ್ರಲ್ಲಿ 11.12."

"ನಿಮ್ಮ ವಾಚಿಗೆ ಕೀ ಕೊಡೋದು ಮರೆತ್ರಾ?"

ಪಂಚರ ಮೊಬೈಲುಗಳೂ ಹತ್ತೇ ಎಂದವು.

"ಎಪ್ಪತ್ತೆರಡು ನಿಮಿಷ ತಾನೇ? ಕಳೆದ್ಬಿಡಿ," ಎಂದರು ಮ್ಯಾನೇಜರ್.

ಇನ್ಸ್‌ಪೆಕ್ಟರ್ ಕಳೆಯಲಿಲ್ಲ. ಕುರ್ಚಿ ಎಳೆದುಕೊಂಡು ಒಂದು ಗಂಟೆ ಕೂತರು. ವಾಚಿನಲ್ಲಿ 11.00 ಆದಾಗ ಬೀಗದಲ್ಲಿ 12.13 ದಾಟಿತ್ತು. ಬೀಗ ಮುಂದಿತ್ತಷ್ಟೇ ಅಲ್ಲ, ಇನ್ನೂ ಮುಂದಕ್ಕೆ ಓಡುತ್ತಿತ್ತು.

ಪರೀಕ್ಷಾ ವಿಭಾಗದ ಮುಖ್ಯಸ್ಥೆಯನ್ನು ಕರೆಸಿದರು. ಕಾರ್ಖಾನೆಗೆಲ್ಲ ಆಕೆ 'ಅಕ್ಕ'. ಬೀಗದ ಸೆಟ್ಟಿಂಗ್ ಫೈಲು ತೆರೆದು ನೋಡಿ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು.

"ಬೋರ್ಡಿನ ಮೇಲೆ ಒಂದು ಕ್ರಿಸ್ಟಲ್ ಇದೆ ಮೇಡಂ. ಸೆಕೆಂಡಿಗೆ 32,768 ಸಲ ಮಿಡಿಯುತ್ತೆ. ಟೈಮರ್ ಅದನ್ನ ಎಣಿಸುತ್ತೆ. ಎಷ್ಟು ಎಣಿಸಿದ್ರೆ ಒಂದು ಸೆಕೆಂಡು ಅಂತ ಕ್ಲಾಕ್ ಡ್ರೈವರ್ ಅನ್ನೋ ಪ್ರೋಗ್ರಾಮಿಗೆ ನಾವೇ ಬರೆದುಕೊಡ್ಬೇಕು. ಇಲ್ಲಿ 32,000 ಅಂತ ಬರೆದಿದೆ."

"ಎಣಿಕೆ ಮುಗಿಯೋಕೆ ಮುಂಚೆನೇ ಸೆಕೆಂಡಾಯ್ತು ಅನ್ನುತ್ತೆ."

"ಹೂಂ. ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ನಿಮಿಷ ಮುಂದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಆಫೀಸಿನ ಕಂಪ್ಯೂಟರ್ ಅದನ್ನ ಸರಿ ಮಾಡುತ್ತೆ. ಆಮೇಲೆ ವಾರವೆಲ್ಲ ಅದರ ದಾರಿ ಅದಕ್ಕೆ." ಅಕ್ಕ ಕಾಗದದ ಮೇಲೆ ಗುಣಿಸಿದರು. ಸೋಮವಾರದಿಂದ ಮೂವತ್ತೆರಡು ಗಂಟೆ; ನಲವತ್ತಾರು ನಿಮಿಷ. "ನಿನ್ನೆ ಬಾಗಿಲು ತೆಗೆದದ್ದು ಸರಿಯಾಗಿ ನಾಲ್ಕಕ್ಕೆ."

"ಅದಕ್ಕೆ ಮುಂಚೆ ಮುಚ್ಚಿದ್ದು ನೀವೇ ಅಲ್ವಾ? ಎಷ್ಟಕ್ಕೆ?"

"ಟೀಗೆ ಮುಂಚೆ, ಮೂರೂವರೆ ಅನ್ನಿಸಿತ್ತು. ಬೀಗ ನಾಲ್ಕೂಕಾಲು ಅಂತು. ಯಂತ್ರಾನೇ ಹಾಗಂದ್ಮೇಲೆ ನಂದೇನು ಅಂತ ಹೇಳಿಕೇಲೂ ಹಾಗೇ ಬರೆಸ್ದೆ."

ಇಷ್ಟು ವಿಧೇಯ ಸಾಕ್ಷಿಯನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಕ್ಯಾಂಟೀನಿನಲ್ಲಿ ಗುಮಾಸ್ತರೊಬ್ಬರ ಬೀಳ್ಕೊಡುಗೆ ನಡೆದಿತ್ತು. ಮ್ಯಾನೇಜರೇ ತೆಗೆದ ಫೋಟೊ ಅವರ ಮೊಬೈಲಿನಲ್ಲಿತ್ತು: ಸಮಯ 4.01. ಮೂಲೆಯಲ್ಲಿ ಲೋಟಗಳ ತಟ್ಟೆ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು ನೆಲ ಒರೆಸುವಾಕೆ. ಪೂರ್ಣಪಾಠ ಹಾಜರಿ ಪುಸ್ತಕ ತರಿಸಿದರು. ಇಪ್ಪತ್ತೊಂದು ಮಂದಿ, ಫೋಟೊ ತೆಗೆದವರು ಒಬ್ಬರು, ಚಿತ್ರದಲ್ಲಿ ಹತ್ತೊಂಬತ್ತು ಮುಖ.

"ಇಲ್ಲಿಲ್ಲದೋರು ಯಾರು?"

"ನಮ್ಮ ಎಂಜಿನಿಯರ್. ಇವತ್ತೂ ರಜೆ," ಎಂದರು ಅಕ್ಕ.

"ಈ ಫೈಲು ಬರೆದೋರು?"

"ಅವನೇ. ಬೀಗದ ಬೋರ್ಡು, ಪಂಪಿನ ಬೋರ್ಡು ಎರಡೂ ಒಂದೇ. ಪಂಪಿನ ಫೈಲನ್ನೇ ಎತ್ತಿ ಇಲ್ಲಿಟ್ಟಿರ್ತಾನೆ..." ಮಾತು ಅರ್ಧಕ್ಕೆ ನಿಂತು, ಅಕ್ಕನ ಕೈ ಬಾಯಿಗೆ ಹೋಯಿತು. "ಅಯ್ಯೋ. ಹಾಗಾದ್ರೆ ಪಂಪಲ್ಲೂ ಇದೇ ತಪ್ಪು!"

12.20ಕ್ಕೆ ಮನೆಯ ಬಾಗಿಲು ತೆಗೆದವನು ಎಂಜಿನಿಯರೇ. ಊಟದ ಮೇಜಿನ ಮೇಲೆ ಪಂಪು ಗಾಜಿನ ಲೋಟಕ್ಕೆ ಹನಿ ಬಿಡುತ್ತಿತ್ತು, ಪಕ್ಕದಲ್ಲಿ ಸ್ಟಾಪ್‌ವಾಚು. "ಬನ್ನಿ," ಎಂದ, ತಡವಾಗಿ ಬಂದ ನೆಂಟರಿಗೆ ಅನ್ನುವಂತೆ.

"ಯಾಕೆ ತಂದ್ರಿ?"

"ಸೋಮವಾರ ಸಂಜೆ ಆ ಸಂಖ್ಯೆ ಕಣ್ಣಿಗೆ ಬಿತ್ತು. ಇಡೀ ದಿನದ ಔಷಧಿ ಅರ್ಧ ಗಂಟೆ ಮುಂಚೆನೇ ಒಳಗೆ ಹೋಗಿಬಿಡುತ್ತೆ. ಅಷ್ಟರಲ್ಲಿ ಅಕ್ಕ ಪಾಸ್ ಅಂತ ಸಹಿ ಹಾಕಿ ಸೀಲ್ ಮಾಡಿದ್ರು. ಸೀಲ್ ಒಡೀಬೇಕು ಅಂದ್ರೆ ಎಲ್ರ ಮುಂದೆ ಕಾರಣ ಹೇಳ್ಬೇಕು."

"ಸರಿಮಾಡೋಕೆ ಎಷ್ಟು ಹೊತ್ತು?"

"ನಾಲ್ಕು ನಿಮಿಷ."

"ಹೇಳೋಕೆ?"

ಅವನು ಸ್ಟಾಪ್‌ವಾಚು ನಿಲ್ಲಿಸಿದ.

"ಆಕೆ ಲಾಕಪ್ಪಲ್ಲಿರೋದು ಗೊತ್ತಿತ್ತಾ?"

"ಬೆಳಗ್ಗೆ ಗೊತ್ತಾಯ್ತು. ಎರಡು ಸಲ ಶೂ ಹಾಕ್ಕೊಂಡೆ."

"ಹಾಕ್ಕೊಂಡು?"

"ಬಿಚ್ಚಿದೆ."

12.40ಕ್ಕೆ ಬಂಧನ. ಜೀಪಿನಲ್ಲಿ ಅವನು ಒಂದೇ ಒಂದು ಪ್ರಶ್ನೆ ಕೇಳಿದ: ಆಸ್ಪತ್ರೆಗೆ ಬೇರೆ ಪಂಪು ಯಾವುದೂ ಹೋಗಿಲ್ಲ ತಾನೇ? ಇಲ್ಲ ಎಂದರು ಪೂರ್ಣಪಾಠ. ಎರಡು ದಿನ ನಿದ್ದೆ ಕಾಣದ ಮನುಷ್ಯ ಮುಂದಿನ ತಿರುವು ಬರುವಷ್ಟರಲ್ಲಿ ಕೂತಲ್ಲೇ ಗೊರಕೆ ಹೊಡೆಯತೊಡಗಿದ. ಹದಿನಾಲ್ಕು ವರ್ಷ ಲೆಕ್ಕ ತಪ್ಪದವನೆಂಬ ಹೆಸರು ಅವನದು. ಆ ಹೆಸರಿಗೆ ಪೆಟ್ಟಾಗದಿರಲೆಂದು ಪಂಪು ಕದ್ದಿದ್ದ. ಅದಕ್ಕಾಗಿಯೇ ಒಬ್ಬ ಹೆಂಗಸನ್ನು ಅರ್ಧ ದಿನ ಕಂಬಿಯ ಹಿಂದೆ ಬಿಟ್ಟಿದ್ದ. ಇನ್ಸ್‌ಪೆಕ್ಟರ್ ಎರಡನ್ನೂ ವರದಿಯಲ್ಲಿ ಬರೆದರು.

1.35ಕ್ಕೆ ಬಿಡುಗಡೆಯ ಕಾಗದಕ್ಕೆ ಆಕೆಯ ಸಹಿ ತೆಗೆದುಕೊಂಡರು.

"ತಪ್ಪಾಯ್ತಮ್ಮಾ," ಎಂದರು ಇನ್ಸ್‌ಪೆಕ್ಟರ್. ಆ ಪದವನ್ನು ಠಾಣೆಯ ಗೋಡೆಗಳು ಆ ಕುರ್ಚಿಯ ಕಡೆಯಿಂದ ಕೇಳಿದ್ದು ಕಡಿಮೆ.

"ಯಾರು ತಗೊಂಡಿದ್ದು, ತಾಯಿ?"

ಹೇಳಿದರು.

"ಅಯ್ಯೋ, ಅವರಾ? ನಾನು ನೆಲ ಒರೆಸೋವಾಗ ಕಾಲು ಎತ್ಕೊಳ್ತಿದ್ದೋರು ಅವರೊಬ್ರೇ."

"ನೀನು ಅವರಿಗೂ ಪಾಪ ಅಂದ್ಬಿಡು," ಮಗಳು ಸಿಡುಕಿದಳು.

"ಪಾಪ ಅಂದ್ನೇನೇ? ನೆನಪಾಯ್ತು, ಹೇಳ್ದೆ."

ಮಗಳು ತಾಯಿಯ ಕೈ ಹಿಡಿದು ದಡದಡ ಮೆಟ್ಟಿಲಿಳಿದಳು. ಬೀದಿಯಲ್ಲಿ ಒಳ್ಳೆಯ ಬಿಸಿಲಿತ್ತು.

"ನಿಧಾನವಾಗಿ ನಡಿಯೇ," ಎಂದಳು ತಾಯಿ. "ಈಗ ಯಾರ ಮನೆ ಗಂಟು ಹೋಗ್ತಿದೆ?"