ಬುಧವಾರದ ಚುಚ್ಚುಮದ್ದು

ಶನಿವಾರ ಬೆಳಿಗ್ಗೆ ತುರ್ತು ವಿಭಾಗದ ಫ್ರಿಜ್ ತೆರೆದು ರೇಬಿಸ್ ಲಸಿಕೆಯ ಡಬ್ಬಿ ಎತ್ತಿಕೊಂಡಾಗ, ಅದರ ತಳ ಕಳಚಿ ನರ್ಸ್ ವರಲಕ್ಷ್ಮಿಯ ಕೈಗೇ ಬಂತು. ನೆನೆದು ಒಣಗಿದ ರಟ್ಟು. ಪಕ್ಕದ ಡಬ್ಬಿಗಳೂ ಉಬ್ಬಿಕೊಂಡಿದ್ದವು. ಮೇಲಿನ ಖಾನೆಯಲ್ಲಿ ತಿಂಗಳುಗಟ್ಟಲೆಯಿಂದ ಬೆರಳು ದಪ್ಪ ಕಟ್ಟಿದ್ದ ಮಂಜು ಈಗ ಹಾಲಿನ ಕೆನೆಯಷ್ಟೇ ಇತ್ತು. ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಮಾತ್ರ ದಿನಕ್ಕೆರಡು ಸಲ ತಪ್ಪದೆ ನಾಲ್ಕು ಡಿಗ್ರಿ. ಆ ನಾಲ್ಕುಗಳಲ್ಲಿ ಅವಳು ಬರೆದವೂ ಇದ್ದವು, ಮತ್ತು ಅವಳು ಪ್ರತಿಸಲ ನೋಡಿಯೇ ಬರೆದಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಜಯದೇವಿ ಆರು ವರ್ಷದ ಮಗಳು ವಚನಾಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬುಧವಾರ ಆಯುಧಪೂಜೆಯ ಬೆಳಿಗ್ಗೆ, ನಾಯಂಡಹಳ್ಳಿಯ ಗೋಡೌನಿನ ಮುಂದೆ ಬೀದಿನಾಯಿಯೊಂದು ಮಗುವಿನ ಕೆನ್ನೆ ಹರಿದಿತ್ತು. ಅಂದು ಹಬ್ಬದ ಗಡಿಬಿಡಿಯಲ್ಲಿ, ಫ್ರಿಜ್ಜಿನತ್ತ ಸರಿಯಾಗಿ ನೋಡದೆ, ಮೊದಲ ಡೋಸ್ ಚುಚ್ಚಿದವಳು ವರಲಕ್ಷ್ಮಿಯೇ. ಇವತ್ತು ಎರಡನೆಯದು.

"ಸಿಸ್ಟರ್, ಆ ನಾಯಿ ನಿನ್ನೆ ಸತ್ತೋಯ್ತಂತೆ," ಎಂದಳು ಜಯದೇವಿ.

ಕಚ್ಚಿದ ನಾಯಿ ಎರಡೇ ದಿನಕ್ಕೆ ಸತ್ತಿತೆಂದರೆ ಅದಕ್ಕೆ ರೇಬಿಸ್ ಇದ್ದಿರಬಹುದು. ಫ್ರಿಜ್ ನಿಂತು ಲಸಿಕೆ ಬೆಚ್ಚಗಾಗಿದ್ದರೆ ಅದನ್ನು ನಂಬುವಂತಿಲ್ಲ. ಲಸಿಕೆ ಕೆಲಸ ಮಾಡುವವರೆಗೆ ಕಾಯಲೆಂದು ಆಳವಾದ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಇದ್ದದ್ದೂ ಅಲ್ಲೇ. ರೇಬಿಸ್ ಒಮ್ಮೆ ಕಾಣಿಸಿಕೊಂಡಿತೆಂದರೆ ಆಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಇರುವುದಿಲ್ಲ.

ಮುಖ್ಯ ವೈದ್ಯ ಡಾ. ಗಂಗಾಧರಯ್ಯ ತಡಮಾಡಲಿಲ್ಲ. "ಇರೋದನ್ನೆಲ್ಲ ಎಸೀರಿ. ಲಸಿಕೆ ಮಧ್ಯಾಹ್ನದೊಳಗೆ ಬರುತ್ತೆ. ಆದ್ರೆ ಇಮ್ಯುನೊಗ್ಲಾಬ್ಯುಲಿನ್ ಊರೆಲ್ಲ ಹುಡುಕಿದ್ರೂ ಆರೇಳು ಬಾಟ್ಲಿ ಸಿಗಬಹುದು ಅಷ್ಟೆ. ಈ ವಾರ ಬಂದವರು ನಲವತ್ತು ಜನ. ಕೆಟ್ಟಿದ್ದು ಯಾವತ್ತು ಅಂತ ಗೊತ್ತಾಗದೆ ಯಾರಿಗೆ ಅಂತ ಕೊಡ್ಲಿ?"

ಆ ಆಸ್ಪತ್ರೆಯಲ್ಲಿ ಏನೇ ಗೋಜಲಾದರೂ ಜನ ಮೆಟ್ಟಿಲಿಳಿದು ದಾಖಲೆ ಕೋಣೆಯ ಯಶೋದಮ್ಮನವರ ಬಳಿ ಹೋಗುತ್ತಿದ್ದರು. ಮೂವತ್ತು ವರ್ಷ ಫೈಲುಗಳ ನಡುವೆ ಕೂತ ಹೆಂಗಸು. ಅದಲುಬದಲಾದ ಎಕ್ಸ್‌ರೇಯಿಂದ ಹಿಡಿದು ಕಾಣೆಯಾದ ಹಲ್ಲಿನ ಸೆಟ್ಟಿನವರೆಗೆ ಎಲ್ಲವನ್ನೂ ಪತ್ತೆಹಚ್ಚಿದವರು. ವರಲಕ್ಷ್ಮಿ ಅವರ ಬಾಲ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು, ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಅವಳೇ ಹೋಗಿ ಕರೆತಂದಳು. ಯಶೋದಮ್ಮ ಮೂವರನ್ನು ವಿಚಾರಿಸಿದರು. ಔಷಧಿ ವಿಭಾಗದ ಗಿರಿರಾಜ್, "ಸೋಮವಾರ ಸ್ಟಾಕ್ ಕೊಟ್ಟೆ, ಆಮೇಲೆ ಈ ಕಡೆ ಬಂದಿಲ್ಲ. ಪೂಜೆ ಗಲಾಟೇಲಿ ಮುರುಗೇಶ್ ಏನೋ ಮಾಡಿರ್ತಾನೆ," ಎಂದ.

ವಾರ್ಡಿನ ಕೆಲಸದ ಮುರುಗೇಶನ ಮುಖ ಬಾಡಿತು. "ಇಲ್ಲಮ್ಮ. ಬುಧವಾರ ಒಂಬತ್ತಕ್ಕೆ ಎಲ್ಲಾ ಮಿಷನ್ನಿಗೂ, ಎಲ್ಲಾ ಕರೆಂಟ್ ಪಾಯಿಂಟಿಗೂ ಕುಂಕುಮ ಇಟ್ಕೊಂಡು ಹೋದೆ. ಬೇರೇನೂ ಮುಟ್ಟಿಲ್ಲ."

ವಿಭಾಗದ ಹಿರಿಯ ನರ್ಸ್ ಶೋಭಾರಾಣಿ ಮೆಲ್ಲಗೆ, "ಯಾರೋ ಒಂದ್ನಿಮಿಷ ಪ್ಲಗ್ ತೆಗೆದಿರ್ತಾರೆ ಬಿಡಿ," ಎಂದರು. ವರಲಕ್ಷ್ಮಿಗೆ ಸಿರಿಂಜ್ ಹಿಡಿಯಲು ಕಲಿಸಿದವರೇ ಅವರು. ಆ ಮೆತ್ತನೆಯ ಮಾತು ಅವಳಿಗೆ ಸಮಾಧಾನ ತಂದಿತು.

ಯಶೋದಮ್ಮ ಫ್ರಿಜ್ಜಿನ ಹಿಂದೆ ಬಗ್ಗಿ, ಪ್ಲಗ್ ಕಿತ್ತು, ಮೊಬೈಲಿನ ಬೆಳಕಿನಲ್ಲಿ ಪಾಯಿಂಟನ್ನು ಸವರಿ ನೋಡಿದರು. ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ನಾಯಿ ಕಚ್ಚಿದವರ ರಿಜಿಸ್ಟರ್ ಹಿಡಿದು ಕೂತರು. ಬುಧವಾರ ಬಂದಿದ್ದವರು ಹನ್ನೊಂದು ಜನ. ಎರಡನೇ ಡೋಸಿಗೆಂದು ಅವರಲ್ಲಿ ಹತ್ತು ಜನ ಆಗಲೇ ಹೊರಗೆ ಕಾಯುತ್ತಿದ್ದರು. ಬಾರದಿದ್ದವರು ಕಾಮಾಕ್ಷಿಪಾಳ್ಯದ ತಮ್ಮಣ್ಣ, ಎಪ್ಪತ್ತೊಂದು ವರ್ಷ. ಯಶೋದಮ್ಮ ಅವರಿಗೆ ಫೋನ್ ಹಚ್ಚಿ ಬಹಳ ಹೊತ್ತು ಬರೀ ಹೂಂಗುಟ್ಟಿದರು.

ಹನ್ನೆರಡಕ್ಕೆ ಎಲ್ಲರನ್ನೂ ಫ್ರಿಜ್ಜಿನ ಮುಂದೆ ಸೇರಿಸಿದರು. ಜಯದೇವಿಯೂ ಮಗುವಿನೊಂದಿಗೆ ಇರಲಿ ಎಂದು ಹಟ ಹಿಡಿದರು.

"ಮುರುಗೇಶ್ ಇಟ್ಟ ಕುಂಕುಮ ಈ ಪಾಯಿಂಟಲ್ಲಿ ಪ್ಲಗ್ಗಿನ ಅಡಿ ಇದೆ," ಎಂದು ಅದನ್ನು ಕಿತ್ತು ತೋರಿಸಿದರು. "ಪ್ಲಗ್ ಇದ್ದಿದ್ರೆ ಅಲ್ಲಿಗೆ ಬೆರಳು ಹೋಗ್ತಿರ್ಲಿಲ್ಲ. ಅಂದ್ರೆ ಬುಧವಾರ ಒಂಬತ್ತಕ್ಕೆ ಫ್ರಿಜ್ ಆಫ್ ಆಗಿತ್ತು. ಅಷ್ಟು ಮಂಜು ಕರಗಿ ಡಬ್ಬಿ ನೆನೆಯೋಕೆ ಒಂದ್ನಿಮಿಷ ಸಾಕಾಗಲ್ಲ, ಇಡೀ ರಾತ್ರಿ ಬೇಕು. ಮಂಗಳವಾರ ಸಂಜೆ, ಪೂಜೆಗೆ ಮುಂಚೆ ತೊಳೆಯೋಣ ಅಂತ ಯಾರೋ ಪ್ಲಗ್ ತೆಗೆದು, ಮರೆತು ಮನೆಗೆ ಹೋದ್ರು."

"ಯಾರು?" ಎಂದರು ಗಂಗಾಧರಯ್ಯ.

"ಅದಕ್ಕೆ ತಮ್ಮಣ್ಣನವರನ್ನ ಕೇಳ್ದೆ. ಬುಧವಾರ ಬೆಳಿಗ್ಗೆ ಇಲ್ಲಿ ಲಸಿಕೆ ಆಯ್ತು. ಅವತ್ತು ಸಂಜೇನೇ ಸೊಸೆ ಬೇರೆ ಆಸ್ಪತ್ರೆಗೆ ಕರ್ಕೊಂಡೋಗಿ ಮತ್ತೆ ಮೊದಲಿಂದ ಹಾಕಿಸಿದ್ಲಂತೆ. ಯಾಕೆ ಅಂತ ಅವರಿಗೂ ಹೇಳಿಲ್ಲ. ನಾವು ಇವತ್ತು ಕಂಡಿದ್ದು ಆ ಸೊಸೆಗೆ ಬುಧವಾರಾನೇ ಗೊತ್ತಿತ್ತು."

ಯಾರ ಹೆಸರನ್ನೂ ಅವರು ಹೇಳಲಿಲ್ಲ. ಶೋಭಾರಾಣಿ ತಾವೇ ಬಾಯಿಬಿಟ್ಟರು.

"ನನ್ನ ಮಾವ ಅವರು. ತೊಳೆಯೋಕೆ ಪ್ಲಗ್ ತೆಗೆದಿದ್ದೂ ನಾನೇ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ನೋಡಿ ಹಾಕ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ತಪ್ಪೂ ಮಾಡಿರ್ಲಿಲ್ಲ. ಹೇಳೋಕೆ ಭಯ ಆಯ್ತು. ಒಂದು ರಾತ್ರಿಗೆಲ್ಲ ಕೆಡಲ್ಲ ಅಂದ್ಕೊಂಡೆ."

"ಮಾವನ ವಿಷಯದಲ್ಲಿ ಹಾಗೆ ಅಂದ್ಕೊಳ್ಳಲಿಲ್ವಲ್ಲಮ್ಮ," ಎಂದರು ಯಶೋದಮ್ಮ. ಅವರ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ವರಲಕ್ಷ್ಮಿಗೆ ಅಳು ಒತ್ತರಿಸಿ ಬಂತು. ಗುರುವಾರ, ಶುಕ್ರವಾರ ಅದೇ ಡಬ್ಬಿಗಳಿಂದ ಅವಳು ಚುಚ್ಚುತ್ತಿದ್ದಾಗ ಶೋಭಾರಾಣಿ ಪಕ್ಕದಲ್ಲೇ ನಿಂತು ಹತ್ತಿ ಕೊಟ್ಟಿದ್ದರು. ಅದನ್ನು ಕ್ಷಮಿಸಲು ಅವಳಿಂದ ಆಗಲಿಲ್ಲ.

ಮಂಗಳವಾರ ಸಂಜೆಗೆ ಮುಂಚೆ ಮೊದಲ ಡೋಸ್ ಆದವರಿಗೆ ಆಮೇಲಿನ ಡೋಸನ್ನಷ್ಟೇ ಮತ್ತೆ ಕೊಟ್ಟರೆ ಸಾಕು, ಬುಧವಾರದಿಂದ ಈಚೆಗೆ ಬಂದ ಇಪ್ಪತ್ಮೂರು ಜನಕ್ಕೆ ಮೊದಲಿಂದ ಲಸಿಕೆ ಎಂದು ಗಂಗಾಧರಯ್ಯ ತೀರ್ಮಾನಿಸಿದರು. ಇಮ್ಯುನೊಗ್ಲಾಬ್ಯುಲಿನ್ ಬೇಕಾದಷ್ಟು ಆಳದ ಗಾಯ ಅವರಲ್ಲಿ ಐವರಿಗೆ ಮಾತ್ರ. ಸಿಗುವಷ್ಟರಲ್ಲಿ ಸಾಲುತ್ತಿತ್ತು.

ಶೋಭಾರಾಣಿ ಕಣ್ಣೊರೆಸಿಕೊಂಡು ಕೈತೊಳೆಯಲು ಎದ್ದರು. "ಹೊಸದು ಬರ್ತಿದ್ದ ಹಾಗೇ ಈ ಮಗುಗೆ ಮೊದಲು. ನಾನೇ ಹಾಕ್ತೀನಿ."

ಜಯದೇವಿ ಮಗಳನ್ನು ತನ್ನತ್ತ ಎಳೆದುಕೊಂಡಳು. ಅವಳು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಿಮ್ಮ ಮಾವನ್ನ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ ಸಿಸ್ಟರ್? ಅದರ ಹೆಸರು ಹೇಳಿ. ನಾವೂ ಅಲ್ಲಿಗೇ ಹೋಗ್ತೀವಿ."

ಶೋಭಾರಾಣಿ ಹೆಸರು ಹೇಳಿದರು. ವರಲಕ್ಷ್ಮಿ ಅದನ್ನು ಮಗುವಿನ ಕಾರ್ಡಿನ ಹಿಂದೆ ಬರೆದುಕೊಟ್ಟು, ಆಟೋ ಕರೆಯಲು ಹೊರಗೆ ಓಡಿದಳು.